ಹಾಸನದ ಸರ್ಜಿಕಲ್ ಅಂಗಡಿ: ರೋಗಿಯ ಜೊತೆಗಿರುವವರನ್ನೂ ವಿಚಾರಿಸುತ್ತಾರೆ

ಜಿಲ್ಲಾಸ್ಪತ್ರೆಯಿಂದ ನಡೆದೇ ಹೋಗಬಹುದಾದ ಈ ಅಂಗಡಿಗೆ 5ಕ್ಕೆ 5 ಸ್ಟಾರ್ ಕೊಡುತ್ತಿದ್ದೇನೆ. ಮಂಚ, ಗಾಲಿಕುರ್ಚಿ, ಆಕ್ಸಿಜನ್ ಮಿಷನ್ ಬಾಡಿಗೆಗೆ ಕೊಡುವವರು ಹಾಸನದಲ್ಲಿ ಬೇರೆಯವರೂ ಇದ್ದಾರೆ. ಆದರೆ ಕ್ಯಾನ್ಸರ್ ಬಂದ ಗಂಡನನ್ನೋ ಹೆಂಡತಿಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ಮೊದಲು ಇಲ್ಲಿಗೇ ಹೋಗಿ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಕಾದವರಿಗೆ ಉಪಯೋಗವಾಗಲಿ.

ನಮ್ಮನೆಯವರಿಗೆ ಬಾಯಿ ಕ್ಯಾನ್ಸರ್. ನಾವು ಆಲೂರು ಕಡೆಯವರು, ಆಲೂಗಡ್ಡೆ, ಜೋಳ ಬೆಳೆಯುವ ಮನೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆಗಿ, ರೇಡಿಯೇಷನ್ ಮುಗಿಸಿಕೊಂಡು ಊರಿಗೆ ಬಂದಾಗ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್ ಇತ್ತು. ಬಾಯೆಲ್ಲ ಹುಣ್ಣು, ನೀರು ತಾಗಿದರೂ ಉರಿ, ಮಾತು ತಿಳಿಯುತ್ತಿರಲಿಲ್ಲ. ಟ್ಯೂಬಿನಲ್ಲಿ ಗಂಜಿ ಕೊಡುವುದನ್ನು ಆಸ್ಪತ್ರೆಯ ಸಿಸ್ಟರ್ ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ಆದರೆ ಅಲ್ಲಿ ಕೂಗಿದರೆ ಯಾರಾದರೂ ಬರುತ್ತಾರೆ. ತೋಟದ ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಟ್ಯೂಬ್ ಕಟ್ಟಿಕೊಂಡರೆ ನಾನೊಬ್ಬಳೇ.

ನಾನು ಹೋಗಿದ್ದು ತಲೆಯ ಕಡೆ ಎತ್ತರಿಸುವ ಮಂಚ ಕೇಳಲಿಕ್ಕೆ. ಅಂಗಡಿಯವರು ಬಾಡಿಗೆ ಎಷ್ಟು ಅಂತ ಹೇಳುವ ಮೊದಲೇ, "ರಾತ್ರಿ ಎದ್ದು ನೋಡ್ಕೊಳ್ಳೋರು ಯಾರಮ್ಮ?" ಅಂದರು. ನಾನೇ ಅಂದೆ. "ಹಾಗಾದ್ರೆ ಬನ್ನಿ, ಮಂಚದ ಪಕ್ಕ ನಿಂತ್ಕೊಳ್ಳಿ" ಅಂತ ನನ್ನನ್ನು ನಿಲ್ಲಿಸಿ, ಬಗ್ಗಿಸಿ ನೋಡಿದರು. ಮಂಚ ತಗ್ಗಾದರೆ ವಾರದೊಳಗೆ ನನ್ನ ಸೊಂಟ ಹಿಡಿಯುತ್ತದೆ, ಆಮೇಲೆ ಅವರನ್ನು ಎತ್ತಿ ಕೂರಿಸುವವರು ಯಾರು ಅಂತ ಅವರ ಲೆಕ್ಕ. ನಾಲ್ಕು ಕಾಲಿಗೂ ಗುಳಿ ತೋಡಿದ ಮರದ ದಿಮ್ಮಿ ಕೊಟ್ಟರು. ಎತ್ತರವಾದ ಮಂಚದಿಂದ ರೋಗಿ ಉರುಳಬಾರದಲ್ಲ, ಅದಕ್ಕೆ ಎರಡೂ ಪಕ್ಕ ಕಂಬಿ, ಇಳಿಯಲಿಕ್ಕೆ ಒಂದು ಮಣೆ. ರೋಗಿಗೆ ಮಂಚ ತರಲು ಹೋದಾಗ ನನ್ನ ಎತ್ತರ ನೋಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟ್ಯೂಬಿನಲ್ಲಿ ಕೊಡುವಾಗ ತಲೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಕೊಟ್ಟ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು, ಇಲ್ಲದಿದ್ದರೆ ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಡಿಗ್ರಿ ಅಂದರೆ ನನಗೇನು ಗೊತ್ತಾಗಬೇಕು? ಅದಕ್ಕೆ ಹ್ಯಾಂಡಲ್ ತಿರುಗಿಸಿ ತೋರಿಸಿ, ಮಂಚದ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದುಕೊಟ್ಟರು.

ಅಲ್ಲಿ ಕೆಲಸಕ್ಕಿರುವ ಹುಡುಗಿ ನರ್ಸಿಂಗ್ ಓದಿದವಳು. ಒಂದು ಹೊಸ ಟ್ಯೂಬು, ಒಂದು 50 ಎಂ.ಎಲ್. ಸಿರಿಂಜು, ಒಂದು ಲೋಟ ನೀರು ಇಟ್ಟುಕೊಂಡು ಕೌಂಟರಿನ ಮೇಲೇ ಮಾಡಿಸಿದಳು. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಹಾಕಿರುವ ಗುರುತು ಸರಿದಿಲ್ಲ ಅಂತ ಪ್ರತಿ ಸಲ ನೋಡಬೇಕು. ಸಿರಿಂಜಿನ ದಂಡ ತೆಗೆದುಬಿಟ್ಟು ಗಂಜಿ ತಾನಾಗಿ ಇಳಿಯಲು ಬಿಡಬೇಕು, ಒತ್ತಬಾರದು. ಮೊದಲೂ ಕೊನೆಗೂ ಸುಮಾರು 30 ಎಂ.ಎಲ್. ನೀರು. ಕೆಮ್ಮು, ಏದುಸಿರು ಬಂದರೆ ತಕ್ಷಣ ನಿಲ್ಲಿಸಬೇಕು. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರು ನಿಧಾನವಾಗಿ, ತಂತಿಗಿಂತಿ ಹಾಕಲೇಬಾರದು. ಟ್ಯೂಬ್ ಹೊರಗೆ ಬಂದುಬಿಟ್ಟರೆ ಮನೆಯಲ್ಲಿ ತೂರಿಸುವ ಸಾಹಸ ಬೇಡ, ಆಸ್ಪತ್ರೆಗೇ ಹೋಗಬೇಕು. ನನ್ನ ಕೈ ನಡುಗದಂತಾಗುವವರೆಗೆ ಮಾಡಿಸಿದಳು, ಹಿಂದೆ ಗಿರಾಕಿಗಳು ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ರಾಗಿ ಗಂಜಿ, ಹೆಸರುಬೇಳೆ ಕಟ್ಟು ಎಲ್ಲವನ್ನೂ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿಯೇ ಕೊಡಿ ಅಂದವಳೂ ಅವಳೇ. ಮಾತ್ರೆಗಳಲ್ಲಿ ಕೆಲವನ್ನು ಪುಡಿ ಮಾಡಬಾರದಂತೆ, ಸಿರಪ್ ಇದೆಯಾ ಅಂತ ಡಾಕ್ಟರನ್ನು ಕೇಳಲು ಹೇಳಿದಳು.

ಬೇಡದ್ದನ್ನು ಮಾರುವುದಿಲ್ಲ. ಪ್ರೋಟೀನ್ ಪೌಡರ್ ಡಬ್ಬ ಕೇಳಿದರೆ, ಡಯಟೀಷಿಯನ್ ಬರೆದುಕೊಟ್ಟಿದ್ದಾರಾ ನೋಡಿ ಅಂದರು. ನಮ್ಮನೆಯವರಿಗೆ ಕೂಗಲಾಗುವುದಿಲ್ಲ ಅಂತ ತಿಳಿದಾಗ, "ವೈರ್ ಇಲ್ಲದ ಕಾಲಿಂಗ್ ಬೆಲ್ ತಗೊಳ್ಳಿ, ಸ್ವಿಚ್ ಅವರ ಕೈಲಿ, ಗಂಟೆ ನಿಮ್ಮ ತಲೆ ಹತ್ರ. ನಮ್ಮಲ್ಲಿ ಇಲ್ಲ, ಎಲೆಕ್ಟ್ರಿಕಲ್ ಅಂಗಡೀಲಿ ಸಿಗುತ್ತೆ" ಅಂದರು. ಆ ಬೆಲ್ ಬಂದ ಮೇಲೆಯೇ ನಾನು ರಾತ್ರಿ ಕಣ್ಣು ಮುಚ್ಚಿದ್ದು. ಒಂದೊಂದು ಉಸಿರಿಗೂ ಕಿವಿ ಕೊಟ್ಟು ಮಲಗುವುದಿದೆಯಲ್ಲ, ಅದು ನಿದ್ದೆಯಲ್ಲ.

ಕೌಂಟರಿನ ಗಾಜಿನ ಕೆಳಗೆ 14416 ಅಂತ ದೊಡ್ಡದಾಗಿ ಬರೆದ ಹಾಳೆ ಇದೆ. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅದು ರೋಗಿಗೆ ಮಾತ್ರ ಅಂದುಕೊಳ್ಳಬೇಡಿ, ನೋಡಿಕೊಳ್ಳುವವರಿಗೂ ಅಂತ ಅಂಗಡಿಯವರೇ ಹೇಳಿದರು. ನಾನು ಮಾಡಿದ್ದೇನೆ. ಮನೆಯಲ್ಲಿ ಯಾರ ಮುಂದೆಯೂ ಹೇಳಲಾಗದ ಭಯವನ್ನು ಅಲ್ಲಿ ಹೇಳಿಕೊಂಡೆ. ನೋಡಲು ಬರುವ ನೆಂಟರಿಗೂ ಒಂದು ಮಾತು: ನುಂಗಲಾಗದವರ ಮುಂದೆ ಕಿತ್ತಳೆ ಹಣ್ಣು ತಂದಿಡುವ ಬದಲು, ಒಂದು ಗಂಟೆ ಅವರ ಪಕ್ಕ ಕೂತು, ಹೆಂಡತಿಗೆ ಸ್ನಾನ ಮಾಡಿ ಬಾ ಅನ್ನಿ.

ರೈಲಿನ ರಿಯಾಯಿತಿಯನ್ನೂ ತಿಳಿಸಿದ್ದು ಅಂಗಡಿಯವರೇ. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ಚಿಕಿತ್ಸೆಗೆ, ಚೆಕಪ್‌ಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75.

ಕೊರತೆ ಇಲ್ಲವೆಂದಲ್ಲ. ಗಾಲಿಕುರ್ಚಿ ಮಾರುವ ಅಂಗಡಿಗೇ ಮೆಟ್ಟಿಲು, ಇಳಿಜಾರು ಇಲ್ಲ. ದಯವಿಟ್ಟು ಮಾಡಿಸಿ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ. ಹಾಸಿಗೆಯ ರೆಕ್ಸಿನ್ ಬೇಸಗೆಯಲ್ಲಿ ಕಾಯುತ್ತದೆ, ಮೇಲೆ ದಪ್ಪ ಹತ್ತಿ ಬಟ್ಟೆ ಹಾಸಿಕೊಳ್ಳಿ.

ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಆಧಾರ್ ಜೆರಾಕ್ಸ್ ಇರಲಿ. ಅಡ್ವಾನ್ಸ್ ಕೊಡಬೇಕು, ಮಂಚ ವಾಪಸು ಮಾಡಿದಾಗ ಹಿಂದಿರುಗಿಸುತ್ತಾರೆ. ಗೂಡ್ಸ್ ಆಟೋ ಖರ್ಚು ನಮ್ಮದೇ. ಹಳೇ ಮನೆಗಳ ಬಾಗಿಲು ಸಣ್ಣದಿರುತ್ತದೆ, ಮಂಚ ತರುವ ಮೊದಲು ಅಗಲ ಅಳೆದುಕೊಂಡು ಹೋಗಿ.