ಡಿಸ್ಲೆಕ್ಸಿಯಾ ಇರುವವರ ಬರವಣಿಗೆಗೆ ಫೋನಿನ ಮೂರು ಸೌಲಭ್ಯಗಳು: ಬಳಸಿ ನೋಡಿದವರ ವಿಮರ್ಶೆ

ಈಗಿನ ಫೋನುಗಳಲ್ಲಿ ಉಚಿತವಾಗಿಯೇ ಬರುವ ಸ್ಪೆಲ್ ಚೆಕ್, ವಾಯ್ಸ್ ಟೈಪಿಂಗ್ ಮತ್ತು ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಧ್ವನಿ, ಈ ಮೂರನ್ನೂ ನಾನು ಬಹುಕಾಲದಿಂದ ಬಳಸುತ್ತಿದ್ದೇನೆ. ನನಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಸ್ಥಿತಿ, ಇದೆ. ಜಾಲತಾಣದಲ್ಲಿ ಒಂದು ಅಭಿಪ್ರಾಯ ಬರೆದರೆ ಓದಿದವರು ಅದರ ವಿಷಯಕ್ಕೆ ಉತ್ತರ ಕೊಡಬೇಕು ಎಂಬುದು ನನ್ನ ಆಸೆ. ಆ ಆಸೆ ಈಡೇರಲು ಯಾವ ಸೌಲಭ್ಯ ಎಷ್ಟು ನೆರವಾಗುತ್ತದೆ ಎಂಬ ಒಂದೇ ಅಳತೆಯಲ್ಲಿ ಇವನ್ನು ತೂಗಿ ನೋಡಿದ್ದೇನೆ.

ದೀರ್ಘ ಬಿಟ್ಟುಹೋದರೆ, ಒತ್ತಕ್ಷರ ತಪ್ಪಿದರೆ, "ಮೊದಲು ಕಾಗುಣಿತ ಕಲಿತು ಬನ್ನಿ" ಎಂಬ ಉತ್ತರ ಬರುತ್ತದೆ, ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಸ್ವಲ್ಪ ಸೌಮ್ಯವಾಗಿ ಹೇಳುವವರು "ಹಾಕುವ ಮೊದಲು ಒಮ್ಮೆ ಓದಿ ನೋಡಬಾರದೇ?" ಎಂದು ಕೇಳುತ್ತಾರೆ. ಓದಿಯೇ ಇರುತ್ತೇವೆ, ಕಣ್ಣಿಗೆ ತಪ್ಪು ಕಾಣುವುದಿಲ್ಲ, ಅಷ್ಟೇ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಜಾಣನಾಗಿದ್ದ ಆ ಹುಡುಗ ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆದಿದ್ದ. ಒಂದಕ್ಕಿಂತ ಹೆಚ್ಚು ಸಲ ಎತ್ತಿ ತೋರಿಸುವವರೆಗೆ ಅವನಿಗೆ ಆ ತಪ್ಪು ಗೊತ್ತೇ ಆಗಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಚುರುಕಾಗಿರುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಡಿಸ್ಲೆಕ್ಸಿಯಾ ಎಂದರೆ ಉಚ್ಚಾರದ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಹೊಂದಿಸುವ ಕೆಲಸ ಮಿದುಳಿಗೆ ಕಷ್ಟವಾಗುವ ಸ್ಥಿತಿ. ಬುದ್ಧಿಮತ್ತೆಗೂ ಇದಕ್ಕೂ ಸಂಬಂಧವಿಲ್ಲ, ಅಶ್ರದ್ಧೆಗಂತೂ ಇಲ್ಲವೇ ಇಲ್ಲ.

ಮೊದಲಿಗೆ ಸ್ಪೆಲ್ ಚೆಕ್. ಫ್ರೆಡ್ ಡ್ಯಾಮರಾವ್ ಎಂಬ ಸಂಶೋಧಕರು 1964ರಲ್ಲಿ ತಾವು ಪರಿಶೀಲಿಸಿದ ತಪ್ಪುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ಒಂದು ಅಕ್ಷರ ಬಿಟ್ಟುಹೋದದ್ದು, ಒಂದು ಹೆಚ್ಚಾದದ್ದು, ಒಂದು ಬದಲಾದದ್ದು ಅಥವಾ ಅಕ್ಕಪಕ್ಕದ ಎರಡು ಅದಲುಬದಲಾದದ್ದು ಎಂದು ತೋರಿಸಿದರು. ಮುಂದೆ ಬಂದ ಎಷ್ಟೋ ತಿದ್ದುವ ಸಾಧನಗಳು, ಒಂದು ಪದದಲ್ಲಿ ಸಾಮಾನ್ಯವಾಗಿ ಒಂದೇ ತಪ್ಪಿರುತ್ತದೆ ಎಂಬ ಈ ಲೆಕ್ಕಾಚಾರದ ಮೇಲೆಯೇ ನಿಂತವು. ಡಿಸ್ಲೆಕ್ಸಿಯಾ ಇರುವವರ ಬರಹದಲ್ಲಿ ಒಂದೇ ಪದದೊಳಗೆ ಎರಡು ಮೂರು ತಪ್ಪುಗಳು ಸೇರಿಕೊಳ್ಳುವುದು ಸಾಮಾನ್ಯವಾದ್ದರಿಂದ, ಸರಿಯಾದ ಪದ ಸಲಹೆಯ ಪಟ್ಟಿಗೇ ಬರದೆ ಹೋಗುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. 'ಹೋಗಬೇಕಾಗಿದ್ದವರಿಗೂ' ಎಂಬಂಥ, ಪ್ರತ್ಯಯಗಳು ಒಂದರ ಮೇಲೊಂದು ಸೇರಿದ ಪದ ಸರಿಯಾಗಿದ್ದರೂ ನಿಘಂಟಿನಲ್ಲಿಲ್ಲ ಎಂಬ ಕಾರಣಕ್ಕೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಮೊದಲೇ ತನ್ನ ಬರಹದ ಮೇಲೆ ನಂಬಿಕೆ ಕಡಿಮೆ ಇರುವವರು ಆ ಗೆರೆ ನೋಡಿ ಸರಿಯಾದ ಪದವನ್ನೂ ಅಳಿಸಿಬಿಡುತ್ತಾರೆ.

ಸಲಹೆಯ ಪಟ್ಟಿಯೂ ನಮಗೆ ಸಲೀಸಲ್ಲ. ಒಂದೇ ಬಗೆಯಾಗಿ ಕಾಣುವ ಮೂರು ಪದಗಳನ್ನು ಮುಂದಿಟ್ಟು ಒಂದನ್ನು ಆರಿಸಿ ಎಂದರೆ, ಯಾವ ಕೆಲಸ ಕಷ್ಟವೋ ಅದನ್ನೇ ಮತ್ತೆ ಮಾಡಿಸಿದಂತೆ. ಪ್ರತಿ ಸಲಹೆಯನ್ನೂ ಮುಟ್ಟಿದರೆ ಉಚ್ಚರಿಸಿ ತೋರಿಸುವ ವ್ಯವಸ್ಥೆ ನಾನು ಬಳಸುವ ಕೀಬೋರ್ಡಿನಲ್ಲಿ ಇಲ್ಲ. ಇದು ದೊಡ್ಡ ಕೊರತೆ.

ವಾಯ್ಸ್ ಟೈಪಿಂಗ್ ನನಗೆ ಕೊಟ್ಟ ಬಿಡುಗಡೆ ದೊಡ್ಡದು. ಬರೆಯಲು ಧೈರ್ಯ ಸಾಲದೆ ಸುಲಭದ, ಸಣ್ಣ ಪದಗಳಿಗೇ ಅಂಟಿಕೊಳ್ಳುವುದು ನಮ್ಮಲ್ಲಿ ಅನೇಕರ ಅಭ್ಯಾಸ. 'ದೃಷ್ಟಿಕೋನ' ಎನ್ನಬೇಕಾದಲ್ಲಿ 'ನೋಟ' ಎಂದು ಬರೆದು ಮುಗಿಸುತ್ತೇವೆ, ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಬಾಯಲ್ಲಿ ಹೇಳುವಾಗ ಆ ಅಂಜಿಕೆ ಇಲ್ಲ. ಆದರೆ ಪೂರ್ಣವಿರಾಮ, ಅಲ್ಪವಿರಾಮಗಳನ್ನು ನಾವೇ ಹಾಕಬೇಕು, ಹೆಸರುಗಳು ಎಡವಟ್ಟಾಗುತ್ತವೆ, ಸುತ್ತ ಜನರಿದ್ದಾಗ ಫೋನಿಗೆ ಗಟ್ಟಿಯಾಗಿ ಹೇಳಲು ಮನಸ್ಸು ಬರುವುದಿಲ್ಲ. ಅದು ತಪ್ಪಾಗಿ ಕೇಳಿಸಿಕೊಂಡು ಹಾಕುವ ಪದವೂ ಕಾಗುಣಿತದ ಪ್ರಕಾರ ಸರಿಯಾಗಿಯೇ ಇರುವುದರಿಂದ ಕಣ್ಣಿಗೆ ಸಿಗುವುದು ಇನ್ನೂ ಕಷ್ಟ.

ಮೂರರಲ್ಲಿ ನನಗೆ ಅತ್ಯಂತ ಉಪಯುಕ್ತವಾದದ್ದು ಓದಿ ಹೇಳುವ ಧ್ವನಿ. 'ಬೆಳೆಗೆ ಬೆಲೆ ಸಿಗಲಿಲ್ಲ' ಎಂದು ಬರೆಯಲು ಹೋಗಿ 'ಬೆಲೆಗೆ ಬೆಳೆ ಸಿಗಲಿಲ್ಲ' ಎಂದು ಬರೆದಿದ್ದರೆ ಸ್ಪೆಲ್ ಚೆಕ್ ತುಟಿ ಬಿಚ್ಚುವುದಿಲ್ಲ, ಏಕೆಂದರೆ ಎರಡೂ ನಿಜವಾದ ಪದಗಳೇ. ನಾನು ಓದಿದರೂ ಮನಸ್ಸಿನಲ್ಲಿದ್ದ ವಾಕ್ಯವೇ ಕಾಣುತ್ತದೆ. ಅದನ್ನೇ ಯಂತ್ರ ಓದಿದಾಗ ಕಿವಿ ತಟ್ಟನೆ ಎಚ್ಚರಗೊಳ್ಳುತ್ತದೆ. ಓದುವ ವೇಗವನ್ನು ತಗ್ಗಿಸಿ, ಒಂದೊಂದೇ ವಾಕ್ಯವನ್ನು ಆಯ್ದುಕೊಂಡು ಕೇಳಿದರೆ ಬಿಟ್ಟುಹೋದ ಪದ, ಎರಡು ಸಲ ಬಂದ ಪದ, ತಪ್ಪಿದ ವಿಭಕ್ತಿ ಎಲ್ಲವೂ ಸಿಕ್ಕಿಬೀಳುತ್ತವೆ. ಇದರ ದೌರ್ಬಲ್ಯ ಮಹಾಪ್ರಾಣಗಳಲ್ಲಿದೆ: 'ಭಾಷೆ' ಎಂದಿದ್ದರೂ 'ಬಾಷೆ' ಎಂದಿದ್ದರೂ ನನ್ನ ಫೋನಿನ ಧ್ವನಿಯಲ್ಲಿ ಹೆಚ್ಚು ವ್ಯತ್ಯಾಸ ಕೇಳಿಸುವುದಿಲ್ಲ. ಅದೃಷ್ಟಕ್ಕೆ ಇಂಥವನ್ನು ಸ್ಪೆಲ್ ಚೆಕ್ ಹಿಡಿಯುತ್ತದೆ. ಹಾಗಾಗಿ ಬರೆಯುವಾಗ ಕೆಂಪು ಗೆರೆಯನ್ನು ಆಫ್ ಮಾಡಿಟ್ಟು, ಪೂರ್ತಿ ಬರೆದಾದ ಮೇಲೆ ಕಿವಿಯಿಂದ ಒಮ್ಮೆ ತಿದ್ದಿ, ಕೊನೆಯಲ್ಲಿ ಗೆರೆಯನ್ನು ಆನ್ ಮಾಡಿಕೊಳ್ಳುವ ಕ್ರಮವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ.

ಓಪನ್‌ಡಿಸ್ಲೆಕ್ಸಿಕ್ ಎಂಬ ಉಚಿತ ಫಾಂಟಿನ ಬಗ್ಗೆಯೂ ಹಲವರು ಕೇಳುತ್ತಾರೆ. 2011ರಲ್ಲಿ ಬಂದ ಇದು ರೋಮನ್ ಅಕ್ಷರಗಳ ಬುಡವನ್ನು ದಪ್ಪವಾಗಿಸುತ್ತದೆ. ಕೆಲವರಿಗೆ ಅದು ಹಿತವೆನಿಸಬಹುದು. ಆದರೆ ಇದರಿಂದ ಓದಿನ ವೇಗವಾಗಲಿ ನಿಖರತೆಯಾಗಲಿ ಹೆಚ್ಚುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲ ಸಿಕ್ಕಿಲ್ಲ. ಸಾಲುಗಳ ಮತ್ತು ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿಕೊಂಡದ್ದು ನನಗೆ ಹೆಚ್ಚು ಅನುಕೂಲವಾಗಿದೆ.

ಒಟ್ಟು ಐದು ಅಂಕಗಳಲ್ಲಿ ಓದಿ ಹೇಳುವ ಧ್ವನಿಗೆ ನಾಲ್ಕೂವರೆ, ವಾಯ್ಸ್ ಟೈಪಿಂಗಿಗೆ ನಾಲ್ಕು, ಸ್ಪೆಲ್ ಚೆಕ್‌ಗೆ ಎರಡು ಕೊಡುತ್ತೇನೆ. ಇಷ್ಟೆಲ್ಲ ಬಳಸಿದ ಮೇಲೂ ಒಂದೆರಡು ತಪ್ಪು ಉಳಿಯುತ್ತದೆ, ಒಂದು ಸಣ್ಣ ಉತ್ತರ ಬರೆಯಲೂ ಉಳಿದವರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊಸದಾಗಿ ಆರಂಭಿಸುವವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ, ಬರಹವನ್ನು ಓದಿ ಹೇಳುವ ಆಯ್ಕೆಯನ್ನು ಮೊದಲು ಆನ್ ಮಾಡಿಕೊಳ್ಳಲಿ. ಉಳಿದೆರಡನ್ನು ನಿಧಾನವಾಗಿ ರೂಢಿಸಿಕೊಳ್ಳಬಹುದು.