ಸಿಮಿಲಿ, ಮೆಟಫರ್ ಹೇಳ್ಕೊಡೋಕೆ ಗೈಡಾ, ಮೊಬೈಲಾ, ಕನ್ನಡದ ಅಲಂಕಾರಾನಾ?

ಅಕ್ಕನ ಮಗಳು ಹತ್ತನೇ ಕ್ಲಾಸು, ಓದೋಕಂತ ತೀರ್ಥಹಳ್ಳಿಲಿ ನಮ್ಮನೇಲೇ ಇದಾಳೆ, ಇಂಗ್ಲಿಷ್ ಹೋಮ್‌ವರ್ಕಲ್ಲಿ ಫಿಗರ್ಸ್ ಆಫ್ ಸ್ಪೀಚ್ ಬಂತು ಅಂದ್ರೆ ಪುಸ್ತಕ ಹಿಡ್ಕೊಂಡು ಸೀದಾ ಅಡುಗೆಮನೆಗೇ ಬರ್ತಾಳೆ. ಈ ಮಳೆಗಾಲ ಮೂರು ಥರ ಹೇಳ್ಕೊಟ್ಟು ನೋಡ್ದೆ.

ಮೊದ್ಲು ಗೈಡು. 'ಲೈಕ್' ಅಥ್ವಾ 'ಆ್ಯಸ್' ಇದ್ರೆ ಸಿಮಿಲಿ ಅಂತ ಒಂದೇ ಲೈನಲ್ಲಿ ಮುಗಿಸಿದಾರೆ. ಇವ್ಳು ಅದನ್ನೇ ಬಾಯಿಪಾಠ ಹೊಡ್ದು 'ಐ ಲೈಕ್ ಜಾಕ್‌ಫ್ರೂಟ್' ಅನ್ನೋದ್ರ ಮುಂದೂ ಸಿಮಿಲಿ ಅಂತ ಬರ್ದಿಟ್ಟಿದ್ಲು. "ಲೈಕ್ ಇದ್ಯಲ್ಲ ಚಿಕ್ಕಿ, ಮತ್ತೆಂತ?" ಅಂತ ನನ್ನನ್ನೇ ಕೇಳ್ತಾಳೆ ಮಾರಾಯ್ರೆ! ಪರೀಕ್ಷೆ ಹಿಂದಿನ ರಾತ್ರಿ ತಿರುವಿ ಹಾಕೋಕೆ ಪರ್ವಾಗಿಲ್ಲ ಗೈಡು.

ಮೊಬೈಲಲ್ಲಿ ಎಐ ಆ್ಯಪು ಕೇಳ್ದಷ್ಟು ಉದಾಹರಣೆ ಕೊಡತ್ತೆ, ಅದು ಒಪ್ಪೋ ಮಾತೇ, ಆದ್ರೆ ಅಲಿಟರೇಶನ್‌ಗೆ, ಅಂದ್ರೆ ಅಕ್ಕಪಕ್ಕದ ಪದಗಳು ಒಂದೇ ಶಬ್ದದಿಂದ ಶುರುವಾಗೋದಕ್ಕೆ, 'ಕೈಂಡ್ ನೈಟ್' ಅಂತ ಕೊಡ್ತು, ರಾತ್ರಿ ಅಲ್ಲ, ಕುದ್ರೆ ಮೇಲೆ ಬರ್ತಾನಲ್ಲ ಆ ನೈಟು, ಎರಡೂ ಕೆ ಇಂದ ಶುರು ಹೌದು ಆದ್ರೆ ನೈಟಲ್ಲಿ ಕೆ ಬಾಯಿಗೇ ಬರಲ್ವಲ್ಲ. ಅದು ಕಿವಿ ಲೆಕ್ಕ, ಸ್ಪೆಲಿಂಗ್ ಲೆಕ್ಕ ಅಲ್ಲ. ಬರೆದಂಗೇ ಓದೋ ಕನ್ನಡದ ಮಕ್ಳಿಗೆ ಇದು ತಾನಾಗಿ ಹೊಳೆಯಲ್ಲ. ಮಳೆ ಜೋರಾದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಅದು ಬೇರೆ.

ಅಂಥದೊಂದು ಸಂಜೆನೇ ಕನ್ನಡ ವ್ಯಾಕರಣ ತೆಗ್ದಿದ್ದು. "ತೋಟದ ದಾರಿ ಸೋಪಿನಂಗೆ ಜಾರ್ತದೆ" ಅಂದೆ. ಇದು ಉಪಮಾಲಂಕಾರ, ಅದೇ ಸಿಮಿಲಿ. ನಾವು ಹೋಲಿಸ್ತಿರೋ ದಾರಿ ಉಪಮೇಯ, ಯಾವುದಕ್ಕೆ ಹೋಲಿಸ್ತೀವೋ ಆ ಸೋಪು ಉಪಮಾನ, ಹೋಲಿಕೆ ಹೇಳೋ 'ಅಂಗೆ' ವಾಚಕಪದ, ಎರಡಕ್ಕೂ ಇರೋ ಜಾರೋ ಗುಣ ಸಮಾನಧರ್ಮ. ಈಗ ನಿನ್ನ ಜಾಕ್‌ಫ್ರೂಟಲ್ಲಿ ಉಪಮಾನ ಎಲ್ಲಿದೆ ತೋರ್ಸು ಅಂದ್ರೆ ಹುಡುಗಿ ಒಂದ್ನಿಮಿಷ ಸುಮ್ನಿದ್ದು ರಬ್ಬರ್ ತಗೊಂಡ್ಲು. 'ಅಂಗೆ' ಕಿತ್ತು ದಾರಿನೇ ಸೋಪು ಅಂದ್ರೆ ರೂಪಕ, ಅದೇ ಮೆಟಫರ್. ಒನೊಮಾಟೊಪಿಯಾ ಅಂದ್ರೆ ಕೇಳಿದ ಸದ್ದನ್ನೇ ಪದ ಮಾಡೋದು, ಅದಕ್ಕೆ ನಮ್ಮಲ್ಲಿ ಅನುಕರಣಾವ್ಯಯ ಇದ್ದೇ ಇದೆ, ಹೆಂಚಿನ ಮೇಲೆ ಧೋ ಅಂತ ಸುರೀತಿತ್ತು, ಹೇಳೋದೇ ಬೇಡ.

ನಂಗೆ ಇದೇ ಇಷ್ಟ ಆಯ್ತು. ಆದ್ರೆ ಒಂದ್ಕಡೆ ನಾನೇ ಎಡವಿದೆ, ಹೈಪರ್‌ಬೊಲಿ ಅಂದ್ರೆ ಉತ್ಪ್ರೇಕ್ಷೆ ಅಂದ್ಬಿಟ್ಟೆ. ಮಾತಲ್ಲಿ ನಾವು ಹಂಗೇ ಅಂತೀವಿ ನಿಜ, ಅಲಂಕಾರದಲ್ಲಿ ಉತ್ಪ್ರೇಕ್ಷೆ ಅಂದ್ರೆ ಒಂದನ್ನ ಇನ್ನೊಂದು ಅಂತ ಕಲ್ಪಿಸ್ಕೊಳ್ಳೋದು, ಅಡಿಕೆ ಮರಗಳು ಮಂಜಿನ ಕಂಬಳಿ ಹೊದ್ಕೊಂಡಾವೋ ಏನೋ ಅನ್ನಂಗೆ. ಹೈಪರ್‌ಬೊಲಿಗೆ ಹತ್ರ ಬರೋದು ಅತಿಶಯೋಕ್ತಿ. ಮಾರನೇ ದಿನ ತಿದ್ಸಿದೆ.

ನಿನ್ನೆ ಅವ್ಳೇ ಒಂದು ವಾಕ್ಯ ಮಾಡ್ಕೊಂಡು ಬಂದ್ಲು: "ನನ್ನ ಹೋಮ್‌ವರ್ಕ್ ಕುಂದಾದ್ರಿಯಷ್ಟಿದೆ." ಕುಂದಾದ್ರಿ ಅಂದ್ರೆ ನಮ್ಮೂರ ಹತ್ರದ ಬೆಟ್ಟ. ಸಿಮಿಲಿನಾ ಹೈಪರ್‌ಬೊಲಿನಾ ಚಿಕ್ಕಿ? ಎರಡೂ ಹೌದು, ಎರಡನ್ನೂ ಬರಿ ಅಂದಿದೀನಿ, ಅವರ ಮೇಡಂ ಎಂತ ಅಂತಾರೋ ನೋಡ್ಬೇಕು.