ರಾಪೆನ್‌ಬರ್ಗ್‌ 19: ಬಿಡುವಾಗಿ ನೋಡಬೇಕಾದ ವೈದ್ಯನ ಮನೆ

ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ, ರಾಪೆನ್‌ಬರ್ಗ್ ಕಾಲುವೆಯ ದಂಡೆಯ ಮೇಲಿರುವ 19ನೇ ನಂಬರಿನ ಮನೆ ಈಗ ಸೀಬೋಲ್ಡ್‌ಹೌಸ್ ಎಂಬ ಜಪಾನ್ ವಸ್ತುಸಂಗ್ರಹಾಲಯ. ಜರ್ಮನಿಯ ವೂರ್ಟ್ಸ್‌ಬರ್ಗ್‌ನ ವೈದ್ಯ ಮನೆತನವೊಂದರಲ್ಲಿ 1796ರಲ್ಲಿ ಹುಟ್ಟಿದ ಫಿಲಿಪ್ ಫ್ರಾನ್ಜ್ ಫಾನ್ ಸೀಬೋಲ್ಡ್, ಜಪಾನಿನಿಂದ ಗಡೀಪಾರಾಗಿ ಬಂದ ಮೇಲೆ 1830ರ ದಶಕದಲ್ಲಿ ಇಲ್ಲಿ ನೆಲೆಸಿ, ತಾನು ತಂದ ವಸ್ತುಗಳನ್ನು ಊರಿನವರಿಗೆ ತೋರಿಸತೊಡಗಿದ. ನಾನು ಮೊದಲ ಸಲ ಹೋದದ್ದು ನಗರ ದರ್ಶನದ ಒಂದು ತಂಡದ ಜೊತೆ. ಹದಿನೈದೇ ನಿಮಿಷದಲ್ಲಿ ನಮ್ಮನ್ನು ಹೊರಗೆ ಕರೆತಂದಿದ್ದರು. ಆ ಅಸಮಾಧಾನ ತೀರದೆ, ಮತ್ತೊಮ್ಮೆ ಒಬ್ಬಳೇ ಹೋಗಿ ಅರ್ಧ ದಿನ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಗಾಜಿನ ಕಪಾಟುಗಳಲ್ಲಿ ಅರಗು ಬಣ್ಣದ ಪೆಟ್ಟಿಗೆಗಳು, ಮರದಚ್ಚಿನ ಚಿತ್ರಗಳು, ಒತ್ತಿ ಒಣಗಿಸಿದ ಗಿಡಗಳು, ಹುಲ್ಲು ತುಂಬಿಸಿಟ್ಟ ಪ್ರಾಣಿಗಳು ಒತ್ತೊತ್ತಾಗಿ ಇವೆ. ಇವು ಇಲ್ಲಿಗೆ ಬಂದ ಬಗೆ ತಿಳಿದಿದ್ದರೆ ನೋಟವೇ ಬೇರೆಯಾಗುತ್ತದೆ. ಆಗ ಯುರೋಪಿನವರಲ್ಲಿ ಡಚ್ಚರಿಗಷ್ಟೇ ಜಪಾನಿನಲ್ಲಿ ಪ್ರವೇಶವಿತ್ತು. 1823ರಲ್ಲಿ ಡಚ್ಚರ ಸೇವೆಯ ವೈದ್ಯನಾಗಿ ನಾಗಸಾಕಿಯ ದೆಜಿಮಾ ಎಂಬ ಕೃತಕ ನಡುಗಡ್ಡೆಗೆ ಬಂದಿಳಿದ ಸೀಬೋಲ್ಡನ ಡಚ್ ನುಡಿಯಲ್ಲಿ ಏನೋ ಎಡವಟ್ಟಿದೆಯೆಂದು ಜಪಾನಿನ ದುಭಾಷಿಗಳಿಗೆ ಅನುಮಾನ ಬಂದಾಗ, ಈತ ಬೆಟ್ಟ ಸೀಮೆಯ ಡಚ್ಚನೆಂದು ಹೇಳಿ ಪಾರಾದನಂತೆ. ಮರುವರ್ಷ ನಾಗಸಾಕಿಯ ನಾರುತಾಕಿಯಲ್ಲಿ ಶಾಲೆ ತೆರೆದು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮೊದಲಾದವನ್ನು ಜಪಾನಿ ವೈದ್ಯರಿಗೆ ಕಲಿಸಿದ. ರೋಗಿಗಳಿಂದ ಹಣ ಪಡೆಯದೆ, ಅವರು ಕೃತಜ್ಞತೆಯಿಂದ ತಂದುಕೊಟ್ಟ ವಸ್ತುಗಳನ್ನು ಸ್ವೀಕರಿಸಿದ. ಶಿಷ್ಯರಿಂದ ತಮ್ಮ ನಾಡಿನ ಬಗ್ಗೆ ಡಚ್ ಭಾಷೆಯಲ್ಲಿ ಪ್ರಬಂಧಗಳನ್ನು ಬರೆಸಿದ. ಆದ್ದರಿಂದ ಇಲ್ಲಿನ ಮನೆಬಳಕೆಯ ಸಣ್ಣ ವಸ್ತುವೂ ಗುಣವಾದ ಯಾವುದೋ ರೋಗಿಯ ಕಾಣಿಕೆಯಾಗಿದ್ದೀತು ಎಂಬ ಯೋಚನೆ ನನ್ನನ್ನು ಪ್ರತಿ ಕಪಾಟಿನ ಮುಂದೆಯೂ ನಿಲ್ಲಿಸಿತು. ಸಕುರಾ ಎಂಬ ಸೀಬೋಲ್ಡನ ನಾಯಿಯನ್ನೂ ಹುಲ್ಲು ತುಂಬಿಸಿ ಇಲ್ಲಿ ಇಟ್ಟಿದ್ದಾರೆ. ಗಾಜಿನಾಚೆ ನಿಂತ ಅದನ್ನು ಮಕ್ಕಳು ಬಿಟ್ಟು ಕದಲುವುದಿಲ್ಲ.

ನನ್ನ ಮಟ್ಟಿಗೆ ಈ ಮನೆಯ ಹೃದಯವೆಂದರೆ ನಕ್ಷೆಗಳು. 1826ರಲ್ಲಿ ಎದೊ ನಗರಕ್ಕೆ (ಇಂದಿನ ಟೋಕಿಯೊ) ಹೋದಾಗ ಸೀಬೋಲ್ಡನಿಗೆ ಪರಿಚಯವಾದ ಆಸ್ಥಾನ ಖಗೋಳಜ್ಞ ತಾಕಾಹಾಶಿ ಕಾಗೆಯಾಸು, ಒಂದು ರಷ್ಯನ್ ನೌಕಾಯಾನದ ಗ್ರಂಥಕ್ಕಾಗಿ ಹಂಬಲಿಸಿ, ಪರದೇಶಿಗರಿಗೆ ಕೊಡಲೇಬಾರದಾಗಿದ್ದ ಜಪಾನಿನ ನಕ್ಷೆಯ ಪ್ರತಿಯನ್ನು ಅವನಿಗೆ ಕೊಟ್ಟ. 1828ರಲ್ಲಿ ವಿಷಯ ಬಯಲಾಯಿತು. ತಾಕಾಹಾಶಿ ಮರುವರ್ಷ ಸೆರೆಮನೆಯಲ್ಲೇ ಸತ್ತ. ಶಿಷ್ಯರೂ ದುಭಾಷಿಗಳೂ ಶಿಕ್ಷೆಗೆ ಗುರಿಯಾದರು. ಸೀಬೋಲ್ಡ್ ಮಾತ್ರ ಗಡೀಪಾರಿನೊಂದಿಗೆ ಜೀವ ಉಳಿಸಿಕೊಂಡ. ಸಂಗಾತಿ ಕುಸುಮೊಟೊ ತಾಕಿಯೂ ಎರಡು ವರ್ಷದ ಮಗಳು ಇನೆಯೂ ನಾಗಸಾಕಿಯಲ್ಲೇ ಉಳಿದರು. ಅಪ್ಪನ ಶಿಷ್ಯರಿಂದ ವಿದ್ಯೆ ಕಲಿತ ಆ ಮಗು ಮುಂದೆ ಪಾಶ್ಚಾತ್ಯ ವೈದ್ಯ ಪದ್ಧತಿಯಲ್ಲಿ ಪಳಗಿದ ಜಪಾನಿನ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬಳಾದಳು. 1859ರಲ್ಲಿ ಸೀಬೋಲ್ಡ್ ಮತ್ತೆ ಜಪಾನಿಗೆ ಹೋಗುವ ಹೊತ್ತಿಗೆ ಅವಳು ಮೂವತ್ತು ದಾಟಿದ್ದಳು. ಈ ಸಂಗ್ರಹದ ವೈಭವವನ್ನು ಮೆಚ್ಚುವವರು ಅದಕ್ಕೆ ಬೆಲೆ ತೆತ್ತವರು ಯಾರೆಂಬುದನ್ನೂ ಕೇಳಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಹೋಗುವ ಮುನ್ನ ಈ ಕಥೆಯನ್ನು ಓದಿಕೊಂಡಿರಿ, ನಕ್ಷೆಗಳ ಮುಂದೆ ಅವಸರ ಮಾಡಬೇಡಿ.

ರೈಲು ನಿಲ್ದಾಣದಿಂದ ಇಲ್ಲಿಗೆ ನಡೆದೇ ಬರಬಹುದು. ಮನೆ ನೋಡಿ ಮುಗಿಸಿದವರು ಅದೇ ಕಾಲುವೆಯ ಗುಂಟ ಮುಂದೆ ಸಾಗಿ, ವಿಶ್ವವಿದ್ಯಾಲಯದ ಸಸ್ಯೋದ್ಯಾನ ಹಾರ್ಟಸ್ ಬೊಟಾನಿಕಸ್‌ಗೂ ಹೋಗಬೇಕು. ಎರಡನ್ನೂ ಒಂದೇ ದಿನ ನೋಡಿದರೇ ಚೆನ್ನ. ಅಲ್ಲಿ ಸೀಬೋಲ್ಡನ ನೆನಪಿಗೆ ಮಾಡಿದ ಜಪಾನಿ ತೋಟವಿದೆ, ಅವನು ತರಿಸಿದ ಕೆಲವು ಗಿಡಗಳು ಇಂದಿಗೂ ಬದುಕಿವೆ. ಯುರೋಪಿನ ತೋಟಗಳಿಗೆ ಇಂದು ಪೀಡೆಯಾಗಿರುವ ಜಪಾನಿ ನಾಟ್‌ವೀಡ್ ಕಳೆ ಹರಡಿದ್ದರಲ್ಲಿ ಅವನ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ. ಆದರೆ ನಾನು ಹುಡುಕಿಕೊಂಡು ಹೋದದ್ದು ಹೈಡ್ರೇಂಜಿಯಾವನ್ನು. ನಮ್ಮ ಮಡಿಕೇರಿಯ ಅಂಗಳಗಳಲ್ಲಿ ಮಳೆ ಹಿಡಿದಾಗ ನೀಲಿ ಗೊಂಚಲು ಬಿಡುವ ಆ ಗಿಡದ ಒಂದು ಬಗೆಗೆ ಅವನು ‘ಒತಾಕ್ಸಾ’ ಎಂದು ಹೆಸರಿಟ್ಟಿದ್ದ. ತಾಕಿಯನ್ನು ಅವನು ಕರೆಯುತ್ತಿದ್ದುದು ‘ಒತಾಕಿ-ಸಾನ್’ ಎಂದು.